ಬಿಗಿ ಮಾಡಿದರೆ ನಿಲ್ಲದ ಸೋರಿಕೆ

ಆಲಮೇಲದಲ್ಲಿ ಸಿಂದಗಿ ರಸ್ತೆಯ ಬದಿಗಿರುವ ಒಂದು ಗ್ಯಾರೇಜಿನಲ್ಲಿ ನಾವು ಎರಡು ದಿನ ಕುಳಿತಿದ್ದೆವು. ಅಲ್ಲಿ ಒಂದು ಹಳೆಯ ಬಾಬ್‌ಕ್ಯಾಟ್ ನಿಂತಿತ್ತು. ನಮ್ಮ ಕಡೆ ಮಣ್ಣು ತೋಡುವ ಯಾವ ಗಾಡಿ ಬಂದರೂ ‘ಜೆಸಿಬಿ ಬಂತು’ ಅನ್ನುತ್ತೇವೆ. ಇದು ಅದಲ್ಲ. ಎತ್ತಿನ ಬಂಡಿಗಿಂತ ಸ್ವಲ್ಪವೇ ದೊಡ್ಡದು, ಮುಂದೆ ಬಕೆಟ್, ನಾಲ್ಕು ಗಿಡ್ಡ ಚಕ್ರ, ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುತ್ತದೆ. ತಿಪ್ಪೆ ಎತ್ತಲು, ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ಸರಿಸಲು, ದೊಡ್ಡ ಗಾಡಿ ಹೋಗದ ಓಣಿಯಲ್ಲಿ ಕಸ ಎತ್ತಲು ಬರುತ್ತದೆ. ಎಷ್ಟನೇ ಕೈಯದೋ, ಮಾಲಕರಿಗೂ ಗೊತ್ತಿಲ್ಲ. ಕೆಳಗೆ ನೆಲದ ಮೇಲೆ ಪರಾತದಷ್ಟು ಅಗಲ ಎಣ್ಣೆಯ ಕಲೆ.

ಮಾಲಕರು ಆಗಲೇ ಮೂರು ಸಲ ಪಾನಾ ಹಾಕಿ ಹೋಸ್ ಪೈಪಿನ ನಟ್ ಬಿಗಿ ಮಾಡಿದ್ದರು. ನಾಲ್ಕನೇ ಸಲ ಪಾನಾ ಹಿಡಿದಾಗ ಮಿಸ್ತ್ರಿ ಕಾಕಾ ತಡೆದರು. “ಸಾವ್ಕಾರ್ರ, ಇದು ಬಿಗಿ ಮಾಡಿದ್ರ ನಿಲ್ಲೂ ಲೀಕ್ ಅಲ್ರಿ. ಇನ್ನ ಬಿಗಿ ಮಾಡಿದ್ರ ಚೂಡಿನೂ ಹೊಕ್ಕತಿ.”

ಈ ಮಾತಿಗೆ ಇನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ ಎಂದು ನಮಗೆ ಆಮೇಲೆ ತಿಳಿಯಿತು.

ಎಣ್ಣೆಯಿಂದ ಭಾರ ಎತ್ತುವ ಯಂತ್ರದ ಮೂಲ ಸೂತ್ರ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್‌ನದು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಹಾಗಾಗಿ ಸಣ್ಣ ಕೊಳವೆಯಲ್ಲಿ ಸ್ವಲ್ಪ ಬಲ ಹಾಕಿದರೆ ದೊಡ್ಡ ಕೊಳವೆಯಲ್ಲಿ ಬಹಳ ಬಲ ಸಿಗುತ್ತದೆ. ಪ್ಯಾಸ್ಕಲ್ ತೀರಿಕೊಂಡದ್ದು 1662ರಲ್ಲಿ, ಅವನ ಬರಹ ಅಚ್ಚಾದದ್ದು 1663ರಲ್ಲಿ. ಆದರೆ ಇದನ್ನು ಕೆಲಸಕ್ಕೆ ಹಚ್ಚುವ ಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದದ್ದು 1795ರಲ್ಲಿ. ನಡುವೆ ನೂರಾ ಮೂವತ್ತು ವರ್ಷ ಹೋಯಿತು. ಸೂತ್ರ ಗೊತ್ತಿದ್ದರೂ ಯಂತ್ರ ಯಾಕೆ ಆಗಲಿಲ್ಲ? ಕಾರಣ ಬೇರೆಯೂ ಇರಬಹುದು, ಆದರೆ ಬ್ರಾಮಾನನ್ನು ಕಾಡಿದ್ದು ಸೋರಿಕೆಯೇ. ಜಾಕ್‌ನ ರಾಡ್ ಸುತ್ತ ಬಿಗಿಯಾಗಿ ತುರುಕಿದರೆ ನೀರು ನಿಲ್ಲುತ್ತಿತ್ತು, ಆದರೆ ರಾಡ್ ಹಿಡಿದುಕೊಂಡು ಕೆಳಗಿಳಿಯುತ್ತಿರಲಿಲ್ಲ. ಸಡಿಲ ಬಿಟ್ಟರೆ ರಾಡ್ ಆಡುತ್ತಿತ್ತು, ನೀರು ಚಿಮ್ಮುತ್ತಿತ್ತು.

ಅವನ ಕಾರ್ಖಾನೆಯಲ್ಲಿ ಹೆನ್ರಿ ಮಾಡ್ಸ್ಲಿ ಎಂಬ ತರುಣ ಮಿಸ್ತ್ರಿ ಇದ್ದ. ಇದಕ್ಕೆ ಉಪಾಯ ಹುಡುಕಿದ್ದು ಅವನೇ ಎಂದು ಹೇಳುತ್ತಾರೆ. ಪಾನಾದಿಂದ ಬಿಗಿ ಮಾಡುವುದನ್ನು ಬಿಟ್ಟು, ಚರ್ಮವನ್ನು ಬಟ್ಟಲಿನಂತೆ ಮಡಿಸಿ, ಅದರ ತೆರೆದ ಬಾಯಿ ನೀರಿನ ಕಡೆಗೆ ಬರುವಂತೆ ಕೂಡಿಸಿದ. ಒತ್ತಡ ಬಂದಾಗ ನೀರೇ ಬಟ್ಟಲಿನೊಳಗೆ ತುಂಬಿ ಅಂಚನ್ನು ಅಗಲಿಸಿ ರಾಡಿಗೆ ಒತ್ತುತ್ತದೆ. ಒತ್ತಡ ಹೋದರೆ ಅಂಚು ಸಡಿಲಾಗಿ ರಾಡ್ ಸಲೀಸಾಗಿ ಹಿಂದೆ ಬರುತ್ತದೆ. ಸೋರಲು ಹೊರಟ ನೀರಿನಿಂದಲೇ ಸೋರಿಕೆ ನಿಲ್ಲಿಸಿದ್ದು ಇದು. ಬ್ರಾಮಾನ ಹೆಸರು ಪ್ರೆಸ್ಸಿಗೆ ಉಳಿಯಿತು, ಚರ್ಮದ ಬಟ್ಟಲಿಗೆ ಯಾರ ಹೆಸರೂ ಉಳಿಯಲಿಲ್ಲ.

ಚರ್ಮ ಅಂದಾಗ ನಮಗೆ ನಮ್ಮ ಊರುಗಳು ನೆನಪಾದವು. ಕರೆಂಟಿನ ಪಂಪು ಬರುವ ಮೊದಲು ಎತ್ತು ಕಟ್ಟಿ ಕಪಿಲೆಯಿಂದ ಬಾವಿಯ ನೀರು ಎತ್ತುತ್ತಿದ್ದರಲ್ಲ, ಆ ಚೀಲ ಚರ್ಮದ್ದು. ಹೊಲಿಗೆಯಲ್ಲಿ ಸೋರಿದರೆ ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಖಾಲಿ. ಚರ್ಮ ಹದ ಮಾಡಿ, ಎಣ್ಣೆ ಕುಡಿಸಿ, ನೀರು ಜಿನುಗದಂತೆ ಹೊಲಿದು ಕೊಟ್ಟವರನ್ನು ಊರು ಹೊರಗೇ ಇಟ್ಟಿತ್ತು. ಅವರು ಎತ್ತಿಕೊಟ್ಟ ನೀರು ಮಾತ್ರ ಎಲ್ಲರ ಹೊಲಕ್ಕೂ ಹರಿಯಿತು. ಯಂತ್ರಗಳ ಇತಿಹಾಸ ಬರೆಯುವವರು ಬ್ರಾಮಾನಿಂದ ಶುರು ಮಾಡುತ್ತಾರೆ. ಸೋರಿಕೆ ನಿಲ್ಲಿಸುವ ವಿದ್ಯೆಯ ಲೆಕ್ಕ ಇಡುವುದಾದರೆ ಇವರ ಕೈಗಳನ್ನೂ ಅದರಲ್ಲಿ ಸೇರಿಸಬೇಕು ಎನ್ನುವುದು ನಮ್ಮ ವಾದ.

ಕೈಪಂಪಿನ ಕಾಲದಲ್ಲೂ ಚರ್ಮ ಬಿಡಲಿಲ್ಲ. 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಕೈಪಂಪು ರೂಪುಗೊಂಡಾಗ ಅದಕ್ಕೆ ಮಾದರಿಯಾದದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ ಮಾಡುತ್ತಿದ್ದ ಪಂಪು. ಭೀಮಾ ನದಿ ದಾಟಿದರೆ ಸಿಗುವ ಊರಿನ ಪಂಪು ದೇಶಕ್ಕೆಲ್ಲ ನೀರು ಕುಡಿಸಿತು. ಅದರ ಒಳಗಿದ್ದದ್ದು ಅದೇ ಚರ್ಮದ ಬಟ್ಟಲಿನ ವಾಷರ್. ವಾಷರ್ ಸವೆದರೆ ಇಡೀ ಪೈಪು ಮೇಲೆತ್ತಬೇಕಿತ್ತು. ಆಮೇಲೆ ಚರ್ಮದ ಜಾಗಕ್ಕೆ ನೈಟ್ರೈಲ್ ರಬ್ಬರ್ ಬಂತು.

ಈ ರಬ್ಬರಿನ ಕಥೆಯೂ ತಿಳಿದಿರಬೇಕು, ಯಾಕೆಂದರೆ ಊರಲ್ಲಿ ಇವತ್ತಿಗೂ ಅದರಲ್ಲೇ ತಪ್ಪು ಆಗುತ್ತದೆ. ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಮಾಡಿದರೆ ನೀರಿಗೆ ನಡೆದೀತು, ಹೈಡ್ರಾಲಿಕ್ ಆಯಿಲ್‌ಗೆ ನಡೆಯುವುದಿಲ್ಲ. ಮಾಮೂಲಿ ರಬ್ಬರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರು ಜರ್ಮನಿಯಲ್ಲಿ 1930ರ ದಶಕದಲ್ಲಿ ತಯಾರಾಯಿತು. ಅದೇ ದಶಕದಲ್ಲಿ, ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ ಓ-ರಿಂಗ್‌ಗೆ ಪೇಟೆಂಟ್ ಅರ್ಜಿ ಹಾಕಿದ. 1939ರಲ್ಲಿ ಅದು ಸಿಕ್ಕಿತು. ಬಳೆಯಂಥ ಒಂದು ರಬ್ಬರ್ ಸುತ್ತು, ಅಷ್ಟೇ. ಎರಡನೇ ಮಹಾಯುದ್ಧದ ವಿಮಾನಗಳಿಂದ ಹಿಡಿದು ಇವತ್ತಿನ ಟ್ರ್ಯಾಕ್ಟರ್ ಲಿಫ್ಟ್‌ವರೆಗೆ ಎಲ್ಲ ಕಡೆ ಅದು ಹೊಕ್ಕಿತು. ಅದರ ಬೆಲೆ ಜಗತ್ತಿಗೆ ಗೊತ್ತಾದದ್ದು 1986ರ ಜನವರಿ 28ರಂದು. ಅಮೆರಿಕದ ಚಾಲೆಂಜರ್ ನೌಕೆ ಹಾರಿದ ದಿನ ಬಹಳ ಚಳಿ. ರಾಕೆಟ್ಟಿನ ಓ-ರಿಂಗ್ ಸೆಟೆದು, ಬಿಸಿ ಅನಿಲ ತಡೆಯಲಾಗದೆ ಏಳು ಜನ ಸತ್ತರು. ಅಲ್ಲಿ ಚಳಿ ಸೆಟೆಸಿತು. ನಮ್ಮಲ್ಲಿ ಬೇಸಿಗೆಯ ಬಿಸಿಲು, ಎಂಜಿನ್ನಿನ ಕಾವು ಸೇರಿ ವರ್ಷಗಟ್ಟಲೆ ಬೇಯಿಸಿ ಸೆಟೆಸುತ್ತವೆ. ಸೆಟೆದ ರಿಂಗು ಎಷ್ಟು ಬಿಗಿ ಮಾಡಿದರೂ ಹಿಗ್ಗುವುದಿಲ್ಲ.

ಇನ್ನು ಬಾಬ್‌ಕ್ಯಾಟ್ ಹುಟ್ಟಿದ್ದು ಗೊಬ್ಬರ ಎತ್ತುವುದಕ್ಕೇ. ಅಮೆರಿಕದ ಮಿನೆಸೋಟಾದಲ್ಲಿ ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗೆ ಕೊಟ್ಟಿಗೆಯ ಕಂಬಗಳ ನಡುವೆ ತಿರುಗುವ, ಮಾಳಿಗೆ ತಡೆಯುವಷ್ಟು ಹಗುರಾದ ಗಾಡಿ ಬೇಕಿತ್ತು. ಊರಿನ ಗ್ಯಾರೇಜಿನ ಸಿರಿಲ್ ಕೆಲ್ಲರ್, ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು 1957ರಲ್ಲಿ ಮೂರು ಚಕ್ರದ್ದು ಮಾಡಿಕೊಟ್ಟರು. ಮೆಲ್ರೋ ಕಂಪನಿ ಅದನ್ನು ತೆಗೆದುಕೊಂಡು 1960ರಲ್ಲಿ ನಾಲ್ಕು ಚಕ್ರದ್ದು ಮಾಡಿತು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಇಟ್ಟಿತು. ನಮ್ಮ ದೇಶಕ್ಕೆ ಜೆಸಿಬಿ ಬಂದದ್ದು 1979ರಲ್ಲಿ, ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಢದಲ್ಲಿ. ಹಳ್ಳಿಯ ಗ್ಯಾರೇಜಿನಲ್ಲಿ ಹುಟ್ಟಿದ ಗಾಡಿ ಹಳ್ಳಿಯ ಗ್ಯಾರೇಜಿಗೇ ಬಂದು ನಿಂತಿದೆ ನೋಡಿ.

ಮಿಸ್ತ್ರಿ ಕಾಕಾ ಮೊದಲು ಮಾಡಿದ್ದು ರಿಪೇರಿ ಅಲ್ಲ, ಒರೆಸಿದ್ದು. ತೋಳು ಕೆಳಗಿಳಿಸಿ, ಎಂಜಿನ್ ಬಂದ್ ಮಾಡಿ, ಲಿವರ್ ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಬಿಡಿಸಿದರು. ಡೀಸೆಲ್ ಹಚ್ಚಿ ಎಲ್ಲ ಜಿಡ್ಡು ತೊಳೆದರು. ಆಮೇಲೆ ಎಂಜಿನ್ ಶುರು ಮಾಡಿ ದೂರದಿಂದ ನೋಡುತ್ತ ನಿಂತರು. ನಮ್ಮಲ್ಲೊಬ್ಬರು ಪೈಪಿನ ಹತ್ತಿರ ಬೆರಳು ಚಾಚಿದಾಗ ಅವರು ಜೋರಾಗಿ ಒದರಿದರು. “ಕೈ ಹಚ್ಚಬ್ಯಾಡ್ರಿ! ಸೂಜಿಗತೆ ಒಳಗ ಹೊಕ್ಕತಿ!”

ಇದನ್ನು ಫೋನಿನಲ್ಲಿ ಓದುತ್ತಿರುವವರು ದಯವಿಟ್ಟು ಇಲ್ಲಿ ನಿಧಾನಿಸಿ. ಬೈಕಿನ ಚಕ್ರಕ್ಕೆ ನಾವು ಸುಮಾರು 30 ಪೌಂಡ್ ಗಾಳಿ ಹಾಕಿಸುತ್ತೇವೆ. ಇಂಥ ಯಂತ್ರದ ಎಣ್ಣೆಯಲ್ಲಿ 2000 ಪೌಂಡಿಗೂ ಹೆಚ್ಚು ಒತ್ತಡ ಇರುತ್ತದೆ. ಕೂದಲೆಳೆಯಂಥ ತೂತಿನಿಂದ ಬರುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಕಡಿಮೆ. ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ. 1937ರಲ್ಲೇ ಅಮೆರಿಕದ ವೈದ್ಯ ಚಾರ್ಲ್ಸ್ ರೀಸ್ ಡೀಸೆಲ್ ಎಂಜಿನ್ನಿನ ಇಂಧನ ಹೀಗೆ ಮೈಯೊಳಗೆ ಹೊಕ್ಕ ಪ್ರಕರಣವನ್ನು ವರದಿ ಮಾಡಿದ್ದ. ಹೀಗಾದರೆ ಅರಿಶಿಣ ಹಚ್ಚಿ ಮಲಗುವಂತಿಲ್ಲ. ಕೆಲವೇ ತಾಸಿನಲ್ಲಿ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಬೇಕು, ‘ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ತಡವಾದರೆ ಬೆರಳು, ಕೆಲವೊಮ್ಮೆ ಕೈಯೇ ತೆಗೆಯಬೇಕಾಗುತ್ತದೆ.

ಕಾಕಾ ಉದ್ದನೆಯ ಕೋಲಿಗೆ ರಟ್ಟಿನ ತುಂಡು ಕಟ್ಟಿ ಪೈಪುಗಳ ಹತ್ತಿರ ಆಡಿಸಿದರು. ರಟ್ಟು ಒಣಗೇ ಇತ್ತು. ಮಾಲಕರು ಬಿಗಿ ಮಾಡಿದ್ದ ನಟ್ಟಿನಲ್ಲಿ ಲೀಕ್ ಇರಲೇ ಇಲ್ಲ! ಬಕೆಟ್ ಮೇಲೆ ಕೆಳಗೆ ಮಾಡಿದಾಗ ಮೇಲಿನ ಜಾಕ್‌ನ ರಾಡ್ ಸುತ್ತ ಎಣ್ಣೆ ಒಸರಿತು. ಅದೇ ಪೈಪಿನಗುಂಟ ಇಳಿದು ನಟ್ಟಿನಲ್ಲಿ ತೊಟ್ಟಿಕ್ಕುತ್ತಿತ್ತು. ಎಣ್ಣೆ ಬೀಳುವ ಜಾಗ ನೋಡಬಾರದು, ಒದ್ದೆ ಶುರುವಾದ ಮೇಲಿನ ಜಾಗ ನೋಡಬೇಕು.

ಜಾಕ್ ಬಿಚ್ಚಿದಾಗ ಸೀಲಿನ ಅಂಚು ಹರಿದಿತ್ತು. ಕಾರಣ ರಾಡಿನ ಮೇಲೆ ಉಗುರಿಗೆ ತಾಕುವಷ್ಟು ಒಂದು ಗೀರು, ಕಲ್ಲು ಬಡಿದದ್ದು. ಗೀರು ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ಅದೂ ಹರಿಯುತ್ತಿತ್ತು. ಕಾಕಾ ಎಣ್ಣೆಗಲ್ಲಿನಿಂದ ಅದರ ಎದ್ದ ಅಂಚನ್ನು ಮೆಲ್ಲಗೆ ಉಜ್ಜಿ ನಯ ಮಾಡಿದರು. ಹಳೆಯ ಗಾಡಿಯಾದ್ದರಿಂದ ಸೀಲಿನ ನಂಬರು ಸಿಗಲಿಲ್ಲ. ಹಳೆಯ ಸೀಲನ್ನೂ ವರ್ನಿಯರಿನಿಂದ ತೆಗೆದ ಅಳತೆಯನ್ನೂ ಹಿಡಿದು ಮಾಲಕರ ಮಗ ವಿಜಯಪುರಕ್ಕೆ ಹೋಗಿ ಬಂದ. ಆ ದಿನ ಅಲ್ಲೇ ಕಳೆಯಿತು. ಬಾಡಿಗೆಯೂ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ ಎಂದು ಮಾಲಕರು ಗೊಣಗುತ್ತಲೇ ಇದ್ದರು.

ಮರುದಿನ ಸೀಲ್ ಕೂಡಿಸುವಾಗ ಕಾಕಾ ಅದನ್ನು ನಮ್ಮ ಕೈಗೆ ಕೊಟ್ಟು ತೋರಿಸಿದರು. ಪಾಲಿಯುರೆಥೇನ್‌ನದು, ಒಂದು ಬದಿಗೆ ಬಟ್ಟಲಿನಂತೆ ತೆರೆದ ಬಾಯಿ. “ಈ ಬಾಯಿ ಎಣ್ಣಿ ಕಡಿ ಇರಬೇಕ್ರಿ. ಉಲ್ಟಾ ಹಾಕಿದ್ರ ಹೊಸಾದೂ ಸೋರತೈತಿ.” ಮಾಡ್ಸ್ಲಿಯ ಹೆಸರು ಅವರು ಕೇಳಿಲ್ಲ. ಈ ಕೆಲಸ ಎಲ್ಲಿ ಕಲಿತಿರಿ ಎಂದು ಕೇಳಿದೆವು. ಮೊದಲು ಕೈಪಂಪು ರಿಪೇರಿಗೆ ಹೋಗುತ್ತಿದ್ದರಂತೆ, ಚರ್ಮದ ವಾಷರನ್ನು ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿ ಮುಂಜಾನೆ ಕೂಡಿಸುತ್ತಿದ್ದರಂತೆ.

ಹೊಸ ಸೀಲಿಗೆ ಎಣ್ಣೆ ಸವರಿ ಕೂಡಿಸಿ, ಟ್ಯಾಂಕಿಗೆ ಕಡಿಮೆಯಾದಷ್ಟು ಆಯಿಲ್ ಹಾಕಿ, ಗಾಳಿ ಹೋಗಲೆಂದು ಬಕೆಟ್ಟನ್ನು ಹತ್ತು ಸಲ ನಿಧಾನಕ್ಕೆ ಎತ್ತಿ ಇಳಿಸಿದರು. ರಾಡ್ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಕಂಡಿತು. ಮಾಲಕರು ಮತ್ತೆ ಪಾನಾದ ಕಡೆ ನೋಡಿದರು. ಅಷ್ಟು ಪಸೆ ಇರಲೇಬೇಕು, ಇಲ್ಲದಿದ್ದರೆ ಸೀಲ್ ಒಣಗಿ ಸುಡುತ್ತದೆ, ಹನಿ ಆಗಿ ಬಿದ್ದರೆ ಆಗ ಕರೆಯಿರಿ ಎಂದು ಹೇಳಿ ಕಾಕಾ ಪಾನಾ ತೆಗೆದುಕೊಂಡು ಡಬ್ಬಿಗೆ ಹಾಕಿದರು.