ಆಕ್ಟ್ ಡೇಟಾಬೇಸ್ ಬೇರ್ಪಡಿಕೆ
ಗ್ರಾಹಕರ ಹೆಸರು, ವಿಳಾಸ, ಭೇಟಿ, ಟಿಪ್ಪಣಿಗಳನ್ನು ಕಾಪಿಡುವ ಆಕ್ಟ್ ತಂತ್ರಾಂಶದ ಡೇಟಾಬೇಸನ್ನು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಹಿಡಿತದಿಂದ ಬಿಡಿಸುವ ಕ್ರಿಯೆ. 1987ರಲ್ಲಿ ಮಾರುಕಟ್ಟೆಗೆ ಬಂದ ಆಕ್ಟ್, 2005ರ ಆವೃತ್ತಿಯಿಂದ ಈ ಸರ್ವರನ್ನು ಆಧರಿಸಿದೆ. ಮಾಹಿತಿಯೆಲ್ಲ ಎಡಿಎಫ್ ಕಡತದಲ್ಲೂ ವಹಿವಾಟಿನ ದಾಖಲೆ ಎಎಲ್‌ಎಫ್ ಕಡತದಲ್ಲೂ ಇರುತ್ತವೆ. ಪಿಎಡಿ ಕಡತ ದಾರಿ ತೋರಿಸುವುದಷ್ಟೇ. ಅದೊಂದನ್ನೇ ನಕಲು ಮಾಡಿಕೊಂಡರೆ ಏನೂ ಸಿಕ್ಕಂತಲ್ಲ.

ಸರ್ವರ್ ಚಾಲನೆಯಲ್ಲಿರುವಾಗ ಈ ಕಡತಗಳು ಅದರ ವಶದಲ್ಲಿರುವುದರಿಂದ ಸಾಮಾನ್ಯವಾಗಿ ನಕಲು ಮಾಡಲು ಬರುವುದಿಲ್ಲ. ಬೇರ್ಪಡಿಸಿದಾಗ ಸರ್ವರ್‌ನ ಪಟ್ಟಿಯಿಂದ ಹೆಸರು ಹೋಗುತ್ತದೆ, ಕಡತಗಳು ಡಿಸ್ಕ್‌ನಲ್ಲೇ ಉಳಿಯುತ್ತವೆ. ಅಳಿಸುವ ಆದೇಶ ಕೊಟ್ಟರೆ ಕಡತಗಳೂ ಹೋಗುತ್ತವೆ. ಈ ವ್ಯತ್ಯಾಸ ತಿಳಿಯದೆ ಕೈಹಾಕಲೇಬಾರದು.

ಬೇರ್ಪಡಿಸುವ ಮೊದಲು ಬ್ಯಾಕಪ್ ತೆಗೆದು, ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಬಳಕೆದಾರರೆಲ್ಲ ಹೊರಬರಬೇಕು. ಪಕ್ಕದ ಮೇಜಿನ ಒಂದೇ ಕಂಪ್ಯೂಟರಿನಲ್ಲಿ ಆಕ್ಟ್ ತೆರೆದಿದ್ದರೂ, ಹಿನ್ನೆಲೆಯಲ್ಲಿ ಶೆಡ್ಯೂಲರ್ ಸೇವೆ ಸಂಪರ್ಕ ಹಿಡಿದಿದ್ದರೂ ಡೇಟಾಬೇಸ್ ಬಳಕೆಯಲ್ಲಿದೆ ಎಂದು ಸರ್ವರ್ ಬೇರ್ಪಡಿಸಲು ನಿರಾಕರಿಸುತ್ತದೆ. ಸಂಪರ್ಕಗಳನ್ನು ಬಲವಂತವಾಗಿ ಕಡಿಯಬಹುದು. ಆದರೆ ಅರ್ಧಕ್ಕೆ ನಿಂತ ನಮೂದುಗಳು ರದ್ದಾಗುತ್ತವೆ. ಮುಂಚಿತವಾಗಿ ತಿಳಿಸಿ ಹೊರಗೆ ಕರೆಯುವುದೇ ಸರಿಯಾದ ಕ್ರಮ. ಬೇರ್ಪಡಿಸಲು ಆಕ್ಟ್‌ನದೇ ಡಯಾಗ್ನಾಸ್ಟಿಕ್ಸ್ ಸಾಧನವಿದೆ.

ಹಾನಿಯಾಗಿರಬಹುದೆಂದು ಸರ್ವರ್ ಗುರುತಿಸಿದ, ಅಂದರೆ ಶಂಕಿತ ಸ್ಥಿತಿಗೆ ಬಿದ್ದ ಡೇಟಾಬೇಸನ್ನು ಬೇರ್ಪಡಿಸಬಾರದು. ಮರಳಿ ಜೋಡಿಸಲು ಆಗದೇ ಹೋಗಬಹುದು. ಲಗತ್ತುಗಳು, ವಿನ್ಯಾಸಗಳು ಪ್ರತ್ಯೇಕ ಫೋಲ್ಡರಿನಲ್ಲಿರುವುದರಿಂದ ಅದನ್ನೂ ಜೊತೆಗೆ ಒಯ್ಯಬೇಕು. ಹೊಸ ಆವೃತ್ತಿಯ ಎಸ್‌ಕ್ಯೂಎಲ್ ಸರ್ವರ್‌ಗೆ ಒಮ್ಮೆ ಜೋಡಿಸಿದ ಡೇಟಾಬೇಸನ್ನು ಹಳೆಯ ಆವೃತ್ತಿಗೆ ಮತ್ತೆ ಜೋಡಿಸಲಾಗದು.