ಖಾಂದೇರಿ, ಉಂದೇರಿ

ಮಳೆಗಾಲವು ಮುಗಿದು ಸಮುದ್ರವು ಶಾಂತವಾದೊಡನೆ ಅಪೋಲೋ ಬಂದರಿನಿಂದ ಮಾಂಡವೆಗೆ ಲಾಂಚಿನಲ್ಲಿ ವಿಹಾರ ಹೊರಡುವುದು ಮುಂಬಯಿವಾಸಿಗಳ ಪ್ರಿಯವಾದ ವಾಡಿಕೆ. ಹಾಗೆ ಹೊರಟವರಲ್ಲಿ ಬಹುಮಂದಿ ಅಲಿಬಾಗಿನ ಮರಳದಂಡೆಯಲ್ಲಿ ದಿನವನ್ನು ಕಳೆದು ಹಿಂದಿರುಗುತ್ತಾರೆ. ಮಾಂಡವೆಗೂ ಅಲಿಬಾಗಿಗೂ ನಡುವೆ, ಥಳ್ ಗ್ರಾಮದ ಮುಂದಣ ಕಡಲಿನಲ್ಲಿ ತಲೆಯೆತ್ತಿರುವ ಖಾಂದೇರಿ, ಉಂದೇರಿ ಎಂಬ ದ್ವೀಪದುರ್ಗಗಳ ಕಡೆಗೆ ದೋಣಿಯನ್ನು ತಿರುಗಿಸುವವರು ವಿರಳ. ಮುಂಬಯಿಯ ಇತಿಹಾಸವನ್ನು ಫೋರ್ಟ್ ಪ್ರದೇಶದ ಭವ್ಯ ಕಟ್ಟಡಗಳಲ್ಲಿ ಮಾತ್ರ ಓದಿದವರಿಗೆ ಈ ನಗರವು ಒಂದು ಕಾಲದಲ್ಲಿ ಎಷ್ಟು ಅಶಕ್ತವಾಗಿತ್ತೆಂಬುದು ಹೊಳೆಯದು. ಖಾಂದೇರಿಯ ಬುರುಜಿನ ಮೇಲೆ ನಿಂತು ಉತ್ತರಕ್ಕೆ ದೃಷ್ಟಿ ಹಾಯಿಸಿದವನಿಗೆ, ದಕ್ಷಿಣದಿಂದ ಆ ಬಂದರಿಗೆ ಬರುವ ನೌಕೆಗಳು ಯಾರ ಕಣ್ಣೆದುರಿನಲ್ಲಿ ಸಾಗಬೇಕಾಗಿತ್ತೆಂಬುದು ಒಡನೆಯೇ ವೇದ್ಯವಾಗುತ್ತದೆ.

ಈ ಮರ್ಮವನ್ನರಿತವನು ಶಿವಾಜಿ. 1665ರಲ್ಲಿ ನಮ್ಮ ಬಸರೂರಿನವರೆಗೂ ನೌಕಾದಂಡೆತ್ತಿ ಬಂದಿದ್ದ ಆತನಿಗೆ ಕಡಲಿನ ಬೆಲೆ ಚೆನ್ನಾಗಿ ತಿಳಿದಿತ್ತು. ಮೊಗಲರ ಪಕ್ಷದ ಜಂಜಿರೆಯ ಸಿದ್ದಿಗಳು ಮಳೆಗಾಲದಲ್ಲಿ ತಮ್ಮ ನೌಕೆಗಳನ್ನು ಮುಂಬಯಿಯಲ್ಲಿ ತಂಗಿಸಿ, ಅಲ್ಲಿಂದಲೇ ಮರಾಠರ ತೀರವನ್ನು ಪೀಡಿಸುತ್ತಿದ್ದರು. ಸೂರತ್ತಿನ ವ್ಯಾಪಾರಕ್ಕೆ ಧಕ್ಕೆ ತಗುಲೀತೆಂಬ ಭಯದಿಂದ ಇಂಗ್ಲಿಷರು ಅವರನ್ನು ಹೊರಗಟ್ಟಲಾರದಿದ್ದರು. ಆದುದರಿಂದ 1679ರಲ್ಲಿ, ಮಳೆ ಪೂರ್ತಿ ನಿಲ್ಲುವುದಕ್ಕೂ ಕಾಯದೆ, ಶಿವಾಜಿಯ ಆಜ್ಞೆಯಂತೆ ಆತನ ಅಧಿಕಾರಿ ಮೈನಾಕ ಭಂಡಾರಿಯು ತನ್ನ ಜನರೊಡನೆ ಖಾಂದೇರಿಗಿಳಿದು ಗೋಡೆಯೆಬ್ಬಿಸತೊಡಗಿದನು.

ಮುಂದಿನ ಕಥೆಯಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಸೇನಾಪತಿಗಳ ಶೌರ್ಯಕ್ಕಿಂತ ಹೆಚ್ಚಾಗಿ ದೋಣಿಗಳ ಗುಣ. ಈ ಕೆಲಸವನ್ನು ತಡೆಯಲು ಬಂದ ಇಂಗ್ಲಿಷರ ದೊಡ್ಡ ಹಡಗುಗಳು ಗಾಳಿಯ ಅಧೀನ. ಗಾಳಿ ಬಿದ್ದರೆ ಅವು ನಿಂತಲ್ಲೇ ನಿಲ್ಲುವುವು. ಆಳವಿಲ್ಲದ ನೀರಿನಲ್ಲಿಯೂ ಹುಟ್ಟಿನ ಬಲದಿಂದ ಓಡಬಲ್ಲ ಮರಾಠರ ಕಿರುನೌಕೆಗಳಾದರೋ ಆ ಹಡಗುಗಳ ಕಾವಲನ್ನು ರಾತ್ರಿಯ ಕತ್ತಲೆಯಲ್ಲಿ ನುಸುಳಿ, ಕೋಟೆ ಕಟ್ಟುವವರಿಗೆ ಬೇಕಾದುದನ್ನೆಲ್ಲ ದ್ವೀಪಕ್ಕೆ ಮುಟ್ಟಿಸುತ್ತಿದ್ದುವು. ಅಕ್ಟೋಬರ್ 18ರ ಮುಂಜಾವಿನಲ್ಲಿ ದೌಲತ್ ಖಾನನ ಮರಾಠಾ ನೌಕಾಪಡೆಯು ಮೇಲೆ ಬಿದ್ದಾಗ ‘ಡವ್’ ಎಂಬ ಇಂಗ್ಲಿಷ್ ನೌಕೆಯು ಸೆರೆಸಿಕ್ಕಿತು. ಮಿಂಚಿನ್ ಮತ್ತು ಕೀಗ್ವಿನ್ನರಿದ್ದ ‘ರಿವೆಂಜ್’ ಮಾತ್ರ ದಿಟ್ಟತನದಿಂದ ಕಾದಿ ಮರಾಠರನ್ನು ಹಿಂದಟ್ಟಿತು. ಆ ದಿನದ ಜಯ ಯಾರದೆಂದು ಇಂದಿಗೂ ವಾದಿಸುವವರುಂಟು. ಆದರೆ ಗೋಡೆಯ ಕೆಲಸ ನಿಲ್ಲಲಿಲ್ಲವಷ್ಟೆ! ಮರುವರ್ಷದಾರಂಭದಲ್ಲಿ ಇಂಗ್ಲಿಷರು ಸಂಧಿ ಮಾಡಿಕೊಂಡು ಹಿಂದೆ ಸರಿದರು. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಕಾಲದಲ್ಲಿ, 1718ರಲ್ಲಿ, ಮುಂಬಯಿಯ ಗವರ್ನರ್ ಚಾರ್ಲ್ಸ್ ಬೂನನು ಮತ್ತೆ ಇದೇ ದ್ವೀಪಕ್ಕೆ ಮುತ್ತಿಗೆ ಹಾಕಿ ಬರಿಗೈಯಲ್ಲಿ ಮರಳಿದನು.

ಇಂದು ಥಳಿನ ಮೀನುಗಾರರ ದೋಣಿಯಲ್ಲಿ ಖಾಂದೇರಿಗೆ ಹೋದವರಿಗೆ ಕಲ್ಲಿನ ಬುರುಜುಗಳೂ, ಗಾಲಿಯ ಮೇಲೆ ಕುಳಿತ ಕಬ್ಬಿಣದ ತೋಪುಗಳೂ, ಬಡಿದರೆ ಲೋಹದಂತೆ ದನಿಗೊಡುವ ಬಂಡೆಯೊಂದೂ, 1867ರ ದೀಪಸ್ತಂಭವೂ ಕಾಣಸಿಗುತ್ತವೆ. ಎಲ್ಲಕ್ಕಿಂತ ಜೀವಂತವಾದುದು ವೇತಾಳನ ಗುಡಿ. ಕೋಟೆ ಕೈಯಿಂದ ಕೈಗೆ ಹೋಯಿತು, ಆಂಗ್ರೆಯವರ ಕುಲಾಬಾ ಸಂಸ್ಥಾನವೂ 1840ರಲ್ಲಿ ಬ್ರಿಟಿಷರ ವಶವಾಯಿತು. ಕೋಳಿ ಜನಾಂಗದ ಮೀನುಗಾರರು ಮಾತ್ರ ಇಂದಿಗೂ ಈ ದೈವಕ್ಕೆ ನಡೆದುಕೊಳ್ಳುತ್ತ ಬಂದಿದ್ದಾರೆ. 2025ರಲ್ಲಿ ಮರಾಠರ ಹನ್ನೆರಡು ದುರ್ಗಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಖಾಂದೇರಿಯೂ ಅವುಗಳಲ್ಲಿ ಒಂದಾಯಿತು. ಕೋಟೆಯ ಕಲ್ಲಿಗೆ ಸಂದ ಈ ಗೌರವದಲ್ಲಿ, ಆ ದಡದ ದೋಣಿಗಾರರಿಗೂ ಒಂದು ಪಾಲು ಸಲ್ಲಬೇಕೆಂದು ನಾನು ಬಗೆಯುತ್ತೇನೆ.

ಉಂದೇರಿಗೆ ಅಂತಹ ಭಾಗ್ಯವಿಲ್ಲ. ಖಾಂದೇರಿಯು ಕೈತಪ್ಪಿತೆಂದು ತಿಳಿದ ಸಿದ್ದಿ ಕಾಸಿಮನು 1680ರ ಜನವರಿಯಲ್ಲಿ ಅದರೆದುರಿಗೇ ಈ ಪುಟ್ಟ ದ್ವೀಪವನ್ನು ಹಿಡಿದು ಭದ್ರಪಡಿಸಿದನು. ಅಲ್ಲಿಂದ ಮುಂದೆ ಎರಡು ದುರ್ಗಗಳೂ ಕಿರಿದಾದ ಕಡಲನ್ನು ನಡುವಿಟ್ಟುಕೊಂಡು ತೋಪುಗಳಿಂದ ಮಾತಾಡಿದುವು. ಈಗ ಅದರ ಗೋಡೆಗಳನ್ನು ಗಿಡಗಂಟಿ ಮುಸುಕಿದೆ, ದೋಣಿ ಹಚ್ಚುವುದೂ ಸುಲಭವಲ್ಲ. ಆದರೂ ಖಾಂದೇರಿಗೆ ಹೋದ ವಿಹಾರಿಯು ಅಂಬಿಗನಿಗೆ ಹೇಳಿ ಉಂದೇರಿಯನ್ನೊಮ್ಮೆ ಸುತ್ತಿಸಿಕೊಂಡೇ ಬರತಕ್ಕದ್ದು. ಎದುರಾಳಿಯ ಕೋಟೆಯನ್ನು ನೋಡದ ಹೊರತು, ಮೈನಾಕನು ಅಷ್ಟು ಅವಸರದಿಂದ ಗೋಡೆಯೆಬ್ಬಿಸಿದುದೇಕೆಂಬುದು ಮನಸ್ಸಿಗೆ ಪೂರ್ತಿಯಾಗಿ ಇಳಿಯುವುದಿಲ್ಲ.