ವೈನ್ ದ್ರಾಕ್ಷಿಯ ಬೇಸಾಯ: ಕುಂದುರ್ಪಿ ಸೀಮೆಯ ಕುಟುಂಬಗಳು ತಿಳಿದಿರಬೇಕಾದದ್ದು

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ದಾಟಿ ಹಿಂದೂಪುರದ ಬಳಿ ನಮ್ಮ ಸೀಮೆಯನ್ನು ಪ್ರವೇಶಿಸುತ್ತದೆ. ಆ ನದಿಯ ಮೂಲವಾದ ಬೆಟ್ಟದ ಬುಡದಲ್ಲಿಯೇ ಕರ್ನಾಟಕದ ವೈನ್ ದ್ರಾಕ್ಷಿ ಬೇಸಾಯವೂ ಬೇರೂರಿದೆ. ದೊಡ್ಡಬಳ್ಳಾಪುರದ ಕಡೆ ನೆಂಟಸ್ತಿಕೆಯುಳ್ಳ ನಮ್ಮ ಕುಟುಂಬಗಳು ಅಲ್ಲಿನ ತೋಟಗಳನ್ನು ಕಂಡು ಬಂದು, ಕಡಲೆಕಾಯಿ ಕೈಕೊಟ್ಟ ಹೊಲದಲ್ಲಿ ನಾವೂ ಇದನ್ನು ಇಡಬಹುದೇ ಎಂದು ಕೇಳುವುದುಂಟು. ಇಡಬಹುದೇ ಎಂಬ ಪ್ರಶ್ನೆಗಿಂತ, ಇಟ್ಟರೆ ಏನನ್ನು ನಿಭಾಯಿಸಬೇಕು ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ದ್ರಾಕ್ಷಿ ಈ ನಾಡಿಗೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸನು ಅಲ್ಲಿ ದ್ರಾಕ್ಷಿ ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬೆಂಗಳೂರಿನ ಸುತ್ತಣ ಕಪ್ಪು ದ್ರಾಕ್ಷಿ, ಅಂದರೆ ಬೆಂಗಳೂರು ಬ್ಲೂ, 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆಯಿತು. ಆದರೆ ಆ ಹಣ್ಣು ತಿನ್ನಲು, ರಸಕ್ಕೆ ಮತ್ತು ಸಿಹಿಯಾದ ಪೋರ್ಟ್ ಬಗೆಯ ವೈನಿಗೆ ಒದಗುವಂಥದು. ಒಣ ವೈನಿಗೆ ಬೇಕಾದ ಫ್ರೆಂಚ್ ತಳಿಗಳು ನಂದಿಯ ಬುಡಕ್ಕೆ ಬಂದದ್ದು 1980ರ ದಶಕದಲ್ಲಿ, ಕನ್ವಲ್ ಗ್ರೋವರ್ ಅವರ ಪ್ರಯತ್ನದಿಂದ. 2007ರಲ್ಲಿ ಕರ್ನಾಟಕ ಸರ್ಕಾರವು ವೈನ್ ನೀತಿಯನ್ನು ಪ್ರಕಟಿಸಿ ವೈನ್ ಮಂಡಳಿಯನ್ನು ಸ್ಥಾಪಿಸಿತು. ಅದೇ ವರ್ಷದ ಜುಲೈ 1ರಿಂದ ಅಲ್ಲಿ ಸಾರಾಯಿ ನಿಷೇಧವಾಯಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ನಮ್ಮ ರಾಜ್ಯದಲ್ಲಿ ನೆಲ್ಲೂರಿನ ಹೆಣ್ಣುಮಕ್ಕಳು ಹೂಡಿದ ಸಾರಾಯಿ ವಿರೋಧಿ ಚಳವಳಿಯನ್ನು ಹಿರಿಯರು ಬಲ್ಲರು. ಮನೆಯ ಮಕ್ಕಳು ಶಾಲೆಗೆ ಹೋಗುತ್ತಿರುವಾಗ ಮದ್ಯಕ್ಕೆ ಹಣ್ಣು ಬೆಳೆಯುವುದು ಸರಿಯೇ ಎಂದು ಯಾವ ತಾಯಿಯಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ಅದರ ತೀರ್ಮಾನ ಆಯಾ ಮನೆಯದು.

ಇನ್ನು ಬೇಸಾಯದ ಮಾತು. ತಿನ್ನುವ ದ್ರಾಕ್ಷಿಯಲ್ಲಿ ಗೊಂಚಲು ದೊಡ್ಡದಾಗಿ, ಕಾಯಿ ದಪ್ಪನಾಗಿ ಬರಬೇಕೆಂಬುದು ಗುರಿ. ವೈನ್ ದ್ರಾಕ್ಷಿಯಲ್ಲಿ ಇದು ತಿರುವುಮುರುವು. ಕಾಯಿ ಸಣ್ಣದಿರಬೇಕು, ಸಿಪ್ಪೆ ದಪ್ಪವಿರಬೇಕು, ಇಳುವರಿಯನ್ನು ರೈತನೇ ಬೇಕೆಂದು ತಗ್ಗಿಸಬೇಕು. ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ಕೆಂಪು ವೈನಿಗೆ. ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್ ಬಿಳಿಯದಕ್ಕೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾಗಳನ್ನು ಬೆರೆಸಿ ಅರ್ಕಾ ಶ್ಯಾಮ್ ಎಂಬ ತಳಿಯನ್ನು ರೂಪಿಸಿದೆ. ನಂದಿಗಿಂತ ನಮ್ಮ ನೆಲ ತಗ್ಗು, ಬಿಸಿಲು ಹೆಚ್ಚು. ಬಿಸಿಲಿಗೆ ಹಣ್ಣಿನ ಸಕ್ಕರೆ ಬೇಗ ಏರುತ್ತದೆ, ಹುಳಿಯೂ ಬೇಗ ಇಳಿಯುತ್ತದೆ. ಹುಳಿಯಿಲ್ಲದ ಹಣ್ಣಿನ ವೈನ್ ಸಪ್ಪೆ. ಆದ್ದರಿಂದ ಶಿರಾಜಿನಂತಹ ಬಿಸಿಲು ತಾಳುವ ತಳಿಯೇ ಇಲ್ಲಿ ಮೊದಲ ಪ್ರಯೋಗಕ್ಕೆ ತಕ್ಕದ್ದೆಂದು ನಮ್ಮ ಎಣಿಕೆ.

ಕೊಳವೆಬಾವಿಯ ನೀರಿನಲ್ಲಿ ಉಪ್ಪಿನಂಶವಿರುವ ಕಡೆ ಬಳ್ಳಿಯನ್ನು ಸ್ವಂತ ಬೇರಿನ ಮೇಲೆ ಬೆಳೆಸಬಾರದು. ಡಾಗ್‌ರಿಜ್ ಎಂಬ ಬೇರುಸಸಿಯನ್ನು ಮೊದಲು ನೆಟ್ಟು, ಮಳೆಗಾಲದ ಕೊನೆಗೆ ಬೇಕಾದ ತಳಿಯನ್ನು ಅದರ ಮೇಲೆ ಕಸಿ ಕಟ್ಟುವುದು ವಾಡಿಕೆ. ಸಾಲು ಉತ್ತರ ದಕ್ಷಿಣವಾಗಿರಲಿ. ಬೆಳಗಿನ ಬಿಸಿಲು ಒಂದು ಮಗ್ಗುಲಿಗೆ, ಸಂಜೆಯದು ಇನ್ನೊಂದಕ್ಕೆ ತಾಗುತ್ತದೆ. ತಿನ್ನುವ ದ್ರಾಕ್ಷಿಗೆ ಹಾಕುವ ಚಪ್ಪರ ಇಲ್ಲಿ ಬೇಡ. ಕಲ್ಲುಕಂಬಗಳ ನಡುವೆ ತಂತಿ ಎಳೆದು, ಚಿಗುರುಗಳನ್ನು ಬೇಲಿಯಂತೆ ನೇರವಾಗಿ ಮೇಲಕ್ಕೆ ಹಬ್ಬಿಸುತ್ತಾರೆ. ಗಾಳಿಯಾಡುವ ಬೇಲಿಯಲ್ಲಿ ರೋಗ ಕಡಿಮೆ.

8 ಅಡಿ ಅಂತರದ ಸಾಲಿನಲ್ಲಿ 4 ಅಡಿಗೊಂದು ಬಳ್ಳಿಯೆಂದರೆ ಎಕರೆಗೆ ಸುಮಾರು 1,360 ಬಳ್ಳಿ. ಬಳ್ಳಿಯೊಂದಕ್ಕೆ ದಿನಕ್ಕೆ 8 ಲೀಟರ್ ಎಂದು ಹಿಡಿದರೂ ಎಕರೆಗೆ ಹತ್ತಿರ ಹತ್ತಿರ 10,900 ಲೀಟರ್. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ನೆಲದಲ್ಲಿ ಈ ಲೆಕ್ಕವನ್ನು ಸಸಿ ತರುವ ಮೊದಲೇ ಮಾಡಬೇಕು. ಶಾಲೆಗೆ ಹೋಗುವ ಮಗುವಿನ ಕೈಯಲ್ಲಿಯೇ ಮಾಡಿಸಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಎಷ್ಟು ಕೊಡುವುದೋ ಅದೇ ನಿಜವಾದ ನೀರು; ಡಿಸೆಂಬರಿನ ನೀರನ್ನು ನಂಬಿ ತೋಟ ಇಡಬಾರದು. 2003ರಿಂದ ನಡೆದುಬಂದ ಆಂಧ್ರಪ್ರದೇಶ ಸೂಕ್ಷ್ಮ ನೀರಾವರಿ ಯೋಜನೆಯು ಹನಿ ನೀರಾವರಿಗೆ ಸಹಾಯಧನ ಕೊಡುವುದಕ್ಕಾಗಿಯೇ ಇದೆ.

ಯೂರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದೇ ಸಲ ಸವರಿದರೆ ಸಾಕು. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಎರಡು ಸವರುವಿಕೆ, ಒಂದು ಬೆಳೆ. ವಿಜಯಪುರ, ಬಾಗಲಕೋಟೆಯ ರೈತರು ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲಿನಲ್ಲಿ ಕಡ್ಡಿಯನ್ನು ಒಂದೆರಡು ಕಣ್ಣು ಉಳಿಸಿ ಹಿಂದಕ್ಕೆ ಕತ್ತರಿಸುತ್ತಾರೆ. ಹೊಸ ಕಡ್ಡಿ ಬೇಸಿಗೆಯ ಬಿಸಿಲುಂಡು ಬಲಿಯುತ್ತದೆ. ಮುಂದಿನ ಗೊಂಚಲು ಎಷ್ಟೆಂಬುದು ಆ ಎಳೆಯ ಕಣ್ಣುಗಳೊಳಗೆ ಆಗಲೇ, ಸವರಿದ ಎರಡು ತಿಂಗಳೊಳಗಾಗಿ, ತೀರ್ಮಾನವಾಗಿರುತ್ತದೆ. ಬೇಸಿಗೆಯಲ್ಲಿ ಹಣ್ಣೇ ಇಲ್ಲವಲ್ಲ ಎಂದು ತೋಟವನ್ನು ಮರೆತವನಿಗೆ ಫೆಬ್ರುವರಿಯಲ್ಲಿ ಫಲ ಸಿಗದಿರಲು ಇದೇ ಕಾರಣ. ಅಕ್ಟೋಬರಿನದು ಹಣ್ಣಿನ ಸವರುವಿಕೆ. ಕಣ್ಣುಗಳು ಒಂದೇ ಸಮನೆ ಒಡೆಯಲೆಂದು ಆಗ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಇದು ವಿಷ. ಕೈಗವಸು, ಮುಖದ ಮರೆ ಇಲ್ಲದೆ ಮುಟ್ಟಕೂಡದು. ಇದನ್ನು ಹಚ್ಚುವ ದಿನಗಳ ಹಿಂದೆ ಮುಂದೆ ಮದ್ಯ ಕುಡಿದವರಿಗೆ ಎದೆ ಬಡಿತ, ವಾಂತಿ, ಮುಖ ಕೆಂಪೇರುವಿಕೆ ಉಂಟಾಗುತ್ತದೆ, ಏಕೆಂದರೆ ಮದ್ಯವನ್ನು ದೇಹ ಕರಗಿಸುವ ಕ್ರಿಯೆಯನ್ನೇ ಇದು ತಡೆಯುತ್ತದೆ. ಕೂಲಿಯವರಿಗೆ ಈ ಮಾತನ್ನು ಅವರವರ ಭಾಷೆಯಲ್ಲಿ ತಿಳಿಸುವ ಹೊಣೆ ತೋಟದ ಯಜಮಾನನದು.

ನಮ್ಮ ಸೀಮೆಗೆ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಣ್ಣಿನ ಸವರುವಿಕೆಯ ಕಾಲವೂ ಅದೇ. ಎಳೆ ಚಿಗುರಿನ ಮೇಲೆ ಚಂಡಮಾರುತದ ಸೋನೆ ಹಿಡಿದರೆ ತೋಟ ಕೆಲವೇ ದಿನಗಳಲ್ಲಿ ಕೆಡಬಲ್ಲದು. ಇಲ್ಲಿಯೇ ಗಡಿನಾಡಿನವರಾದ ನಮಗೊಂದು ವಿಶೇಷ ತೊಡಕು. ಕನ್ನಡದ ಬೂದಿ ರೋಗಕ್ಕೆ ತೆಲುಗಿನಲ್ಲಿ ‘ಬೂಡಿದ ತೆಗುಲು’ ಎಂದು ಹೆಸರು; ಕನ್ನಡ ರೈತರು ಡೌನಿ ಎನ್ನುವ ತುಪ್ಪಟ ರೋಗಕ್ಕೆ ‘ಬೂಜು ತೆಗುಲು’. ಔಷಧಿ ಅಂಗಡಿಯ ಚೀಟಿಯಲ್ಲಿ ಈ ಎರಡು ಪದಗಳನ್ನು ಅವಸರದಲ್ಲಿ ಓದಿದರೆ ಅದಲುಬದಲಾಗುವುದು ಸುಲಭ. ರೋಗಗಳೋ ತೀರ ಬೇರೆ. ಬೂದಿ ರೋಗದಲ್ಲಿ ಎಲೆ, ಕಾಯಿಗಳ ಮೇಲೆ ವಿಭೂತಿ ಸವರಿದಂತೆ ಪುಡಿ ಕಾಣುತ್ತದೆ, ಮಳೆ ನಿಂತ ತಂಪುಹವೆಯಲ್ಲಿ ಹಬ್ಬುತ್ತದೆ, ಗಂಧಕಕ್ಕೆ ಬಗ್ಗುತ್ತದೆ. ಡೌನಿಯಲ್ಲಿ ಎಲೆಯ ಮೇಲೆ ಎಣ್ಣೆ ಬಿದ್ದಂತಹ ಹಳದಿ ಕಲೆ, ಅದರ ಅಡಿಯಲ್ಲಿ ಹತ್ತಿಯಂತಹ ಬಿಳಿ ತುಪ್ಪಟ, ತೇವವಿದ್ದಾಗ ಹಬ್ಬುತ್ತದೆ, ತಾಮ್ರದ ಔಷಧಿ ಬೇಕು. ಡೌನಿಗೆ ಗಂಧಕ ಹೊಡೆದು ಕುಳಿತರೆ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಆದ್ದರಿಂದ ಹೆಸರು ಹೇಳಿ ಔಷಧಿ ಕೇಳಬೇಡಿ. ರೋಗ ತಗುಲಿದ ಎಲೆಯನ್ನೇ ಕೊಂಡೊಯ್ದು ತೋರಿಸಿ.

ತಾಮ್ರದ ಔಷಧಿಗಳಲ್ಲಿ ಹಳೆಯದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಡೌನಿ ತಗುಲದಿದ್ದುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯು 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಬೇಕು. ಲೋಹದ ಪಾತ್ರೆ ಕೂಡದು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ; ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠ ಹೊಲದಲ್ಲಿ ಕಾಣುವುದು ಹೀಗೆ. ಕಟಾವು ಹತ್ತಿರವಾದಾಗ ಗಂಧಕವನ್ನು ನಿಲ್ಲಿಸಬೇಕು, ಇಲ್ಲವಾದರೆ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಫೆಬ್ರುವರಿ, ಮಾರ್ಚಿನಲ್ಲಿ ಕಟಾವು. ಕಾಯಿ ಬಣ್ಣ ತಿರುಗಿದ ಮೇಲೆ ನೀರನ್ನು ತಗ್ಗಿಸುತ್ತ ಬರಬೇಕು. ರಸದ ಸಕ್ಕರೆಯನ್ನು ರಿಫ್ರ್ಯಾಕ್ಟೋಮೀಟರಿನಿಂದ ಅಳೆದು 22ರಿಂದ 24 ಬ್ರಿಕ್ಸ್ ಹೊತ್ತಿಗೆ ಕೀಳುತ್ತಾರೆ. 22 ಬ್ರಿಕ್ಸ್ ರಸ ಹುದುಗಿದರೆ ಶೇಕಡ 12ರ ಆಸುಪಾಸಿನ ವೈನ್. ಬಿಸಿಲೇರುವ ಮೊದಲೇ ಕಿತ್ತು ಚಿಕ್ಕ ಕ್ರೇಟುಗಳಲ್ಲಿ ಅಂದೇ ಸಾಗಿಸಬೇಕು.

ಎಲ್ಲಿಗೆ ಸಾಗಿಸುವುದು? ನಮ್ಮ ಮಟ್ಟಿಗೆ ಇಡೀ ಬೇಸಾಯದ ಗಟ್ಟಿ ಪ್ರಶ್ನೆ ಇದೊಂದೇ. ಶಿರಾಜ್ ಹಣ್ಣನ್ನು ಸಂತೆಯಲ್ಲಿ ಸುರಿದರೆ ಕೊಳ್ಳುವವರಿಲ್ಲ. ಬೀಜ ಹೆಚ್ಚು, ತಿರುಳು ಕಡಿಮೆ. ವೈನ್ ಕಾರ್ಖಾನೆ ಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಮನೆಯಲ್ಲಿಯೇ ಹುದುಗಿಸಿ ಮಾರುವುದಕ್ಕೆ ಅಬಕಾರಿ ಪರವಾನಗಿ ಬೇಕು. ಆದ್ದರಿಂದ ಕಂಬ ನೆಡುವ ಮೊದಲು ಖರೀದಿಯ ಕರಾರು ಬರವಣಿಗೆಯಲ್ಲಿರಲಿ: ಎಷ್ಟು ವರ್ಷಕ್ಕೆ, ಎಷ್ಟು ಬ್ರಿಕ್ಸಿಗೆ ಎಷ್ಟು ಬೆಲೆ, ಸಕ್ಕರೆ ಅಳೆಯುವವರು ಯಾರು, ಸಾಗಣೆ ಯಾರದು, ಹಣ ಎಷ್ಟು ದಿನದೊಳಗೆ. ಕರಾರಿನ ಪ್ರತಿ ಸಹಿ ಮಾಡುವವರು ಓದಬಲ್ಲ ಭಾಷೆಯಲ್ಲಿರಬೇಕೆಂದು ಕೇಳುವುದರಲ್ಲಿ ಸಂಕೋಚ ಬೇಡ. ಅಂತಹ ಕರಾರು ದೊರೆಯದಿದ್ದರೆ, ವೈನಿಗೂ ಸಂತೆಗೂ ಸಲ್ಲುವ ಬೆಂಗಳೂರು ಬ್ಲೂ ಬಗೆಯನ್ನು ಅರ್ಧ ಎಕರೆಯಲ್ಲಿ ಇಟ್ಟು, ಎರಡು ಬೇಸಿಗೆ ಬಾವಿಯ ನೀರನ್ನು ನೋಡುವುದು ಮೇಲು.